ಬಾರ್ಬಡೋಸ್‌ಗೆ ವೀಸಾ ಬೇಡ, ಆದ್ರೆ ದಾರೀಲಿ ಬೇಕಾಗ್ಬಹುದು: ಟಿಕೆಟ್ ತಗೊಳ್ಳೋ ಮುಂಚೆ ಇದನ್ನೆಲ್ಲ ನೋಡ್ಕೊಳ್ಳಿ

2024ರ ಜೂನ್ 29ಕ್ಕೆ ಬಾರ್ಬಡೋಸ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಇಂಡಿಯಾ ಟಿ20 ವಿಶ್ವಕಪ್ ಗೆದ್ದು, ನಮ್ಮ ದ್ರಾವಿಡ್ ಕಪ್ ಎತ್ಕೊಂಡು ಕೂಗಿದ್ದನ್ನ ನೋಡಿದ್ಮೇಲೆ ಆ ದ್ವೀಪಕ್ಕೆ ಒಂದ್ಸಲ ಹೋಗ್ಬೇಕು ಅನ್ನೋರು ಜಾಸ್ತಿ ಆಗಿದ್ದಾರೆ. ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಟೂರಿಸ್ಟ್ ಆಗಿ 90 ದಿನದ ತನಕ ವೀಸಾ ಇಲ್ದೆ ಅಲ್ಲಿರ್ಬಹುದು ಅನ್ನೋದು ನಿಜ. ಆದ್ರೆ ಇಲ್ಲಿಂದ ಅಲ್ಲಿಗೆ ಡೈರೆಕ್ಟ್ ಫ್ಲೈಟ್ ಇಲ್ಲ, ಮಧ್ಯೆ ಒಂದು ದೇಶದಲ್ಲಾದ್ರೂ ವಿಮಾನ ಬದಲಾಯಿಸ್ಲೇಬೇಕು, ಆ ದೇಶದ ರೂಲ್ಸೇ ಬೇರೆ. ತುಂಬಾ ಜನ ಎಡವೋದು ಇಲ್ಲೇ.

ಮೊದಲು ಪಾಸ್‌ಪೋರ್ಟ್ ತೆಗ್ದು ನೋಡಿ. ವಾಪಸ್ ಬರೋ ತಾರೀಖಿನಿಂದ ಮುಂದಕ್ಕೆ ಆರು ತಿಂಗಳಾದ್ರೂ ವ್ಯಾಲಿಡಿಟಿ ಇರ್ಲಿ, ಎರಡು ಮೂರು ಖಾಲಿ ಪುಟ ಇರ್ಲಿ. ಕಮ್ಮಿ ಇದ್ರೆ ರಿನ್ಯೂ ಮಾಡಿಸ್ಕೊಂಡೇ ಮುಂದಿನ ಕೆಲಸ.

ಆಮೇಲೆ ರೂಟ್. ಇದಕ್ಕೆ ನಿಧಾನವಾಗಿ ಟೈಮ್ ಕೊಡಿ, ಅಗ್ಗದ ಟಿಕೆಟ್ ಕಂಡ ತಕ್ಷಣ ಪೇ ಬಟನ್ ಒತ್ಬೇಡಿ. ಅಮೆರಿಕದ ಮೇಲೆ ಹೋಗೋದಾದ್ರೆ, ಅಂದ್ರೆ ಮಯಾಮಿನೋ ನ್ಯೂಯಾರ್ಕೋ ಆದ್ರೆ, ಬರೀ ಎರಡು ಗಂಟೆ ಅಲ್ಲಿ ಕೂತ್ಕೊಂಡು ಮುಂದಿನ ವಿಮಾನ ಹತ್ತೋದಿದ್ರೂ ಅಮೆರಿಕದ ವೀಸಾ ಬೇಕು, ಯಾಕಂದ್ರೆ ಅಲ್ಲಿ ಇಮಿಗ್ರೇಷನ್ ಮುಗಿಸ್ದೆ ಟ್ರಾನ್ಸಿಟ್ ಆಗೋ ವ್ಯವಸ್ಥೆನೇ ಇಲ್ಲ. ಮುಂಚೆನೇ ಬಿ1/ಬಿ2 ಅನ್ನೋ ವಿಸಿಟರ್ ವೀಸಾ ಇರೋರಿಗೆ ಅದೇ ಸಾಕು, ಇಲ್ದೋರು ಸಿ1 ಅನ್ನೋ ಟ್ರಾನ್ಸಿಟ್ ವೀಸಾ ತಗೋಬೇಕು. ಕೆನಡಾ ಮೇಲೆ ಹೋದ್ರೂ ಹಾಗೇ, ಟ್ರಾನ್ಸಿಟ್ ವೀಸಾ ಬೇಕು.

ಲಂಡನ್ ರೂಟ್ ಸ್ವಲ್ಪ ಸಲೀಸು. ಬೆಂಗಳೂರಿಂದ ಹೀಥ್ರೂಗೆ ನೇರ ವಿಮಾನ ಇದೆ, ಅಲ್ಲಿಂದ ಬಾರ್ಬಡೋಸ್‌ಗೆ ಸುಮಾರು ಒಂಬತ್ತು ಗಂಟೆ. ಆದ್ರೆ ಏರ್‌ಪೋರ್ಟ್‌ನಿಂದ ಹೊರಗೆ ಬರ್ದೆ ವಿಮಾನ ಬದಲಾಯಿಸೋಕೂ ಇಂಡಿಯನ್ಸ್‌ಗೆ ಡೈರೆಕ್ಟ್ ಏರ್‌ಸೈಡ್ ಟ್ರಾನ್ಸಿಟ್ ವೀಸಾ ಬೇಕು. ಚಾಲ್ತಿಯಲ್ಲಿರೋ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್ ವೀಸಾ ಇರೋರಿಗೆ ಇದ್ರಿಂದ ವಿನಾಯ್ತಿ ಇದೆ. ಇನ್ನೊಂದು ವಿಷ್ಯ, ಕೆಲವು ಸಲ ಬುಕಿಂಗ್ ಸೈಟ್‌ಗಳು ಹೀಥ್ರೂಗೆ ಇಳಿಸಿ ಗ್ಯಾಟ್‌ವಿಕ್‌ನಿಂದ ಹತ್ತೋ ಟಿಕೆಟ್ ತೋರಿಸ್ತವೆ. ಹಂಗಾದ್ರೆ ನೀವು ಬ್ರಿಟನ್ ಒಳಗೆ ಕಾಲಿಡ್ಲೇಬೇಕು, ಏರ್‌ಸೈಡ್ ವೀಸಾ ಅಲ್ಲಿ ಪ್ರಯೋಜನಕ್ಕೆ ಬರಲ್ಲ, 48 ಗಂಟೆಯ ವಿಸಿಟರ್ ಇನ್ ಟ್ರಾನ್ಸಿಟ್ ವೀಸಾ ಬೇಕಾಗುತ್ತೆ. ಎರಡು ಬೇರೆ ಬೇರೆ ಟಿಕೆಟ್ ತಗೊಂಡು ಲಗೇಜ್ ಇಳಿಸ್ಕೊಂಡು ಮತ್ತೆ ಚೆಕ್‌ಇನ್ ಮಾಡೋರಿಗೂ ಇದೇ ಮಾತು. ಅದಕ್ಕೇ ನಾನು ಎಲ್ರಿಗೂ ಹೇಳೋದು, ನಾಲ್ಕು ಕಾಸು ಜಾಸ್ತಿ ಆದ್ರೂ ಪರ್ವಾಗಿಲ್ಲ, ಒಂದೇ ಪಿಎನ್‌ಆರ್‌ನಲ್ಲಿ, ಒಂದೇ ಏರ್‌ಪೋರ್ಟ್‌ನಲ್ಲಿ ಬದಲಾಗೋ ಟಿಕೆಟ್ ತಗೊಳ್ಳಿ. ಯುರೋಪ್ ಮೇಲೆ ಹೋಗೋದಾದ್ರೆ ಆಯಾ ದೇಶದ ಟ್ರಾನ್ಸಿಟ್ ರೂಲ್ ನೋಡಿ, ಎರಡು ಷೆಂಗೆನ್ (ಒಂದೇ ವೀಸಾ ನಡೆಯೋ ಯುರೋಪ್ ದೇಶಗಳ ಗುಂಪು) ಏರ್‌ಪೋರ್ಟ್ ಮುಟ್ಟೋ ಟಿಕೆಟ್ ಮಾತ್ರ ಬೇಡ, ಅದಕ್ಕೆ ಪೂರ್ತಿ ಷೆಂಗೆನ್ ವೀಸಾನೇ ಬೇಕು.

ರೂಟ್ ಪಕ್ಕಾ ಆಯ್ತು ಅಂದ್ರೆ ವಾಪಸ್ ಟಿಕೆಟ್‌ನೂ ಜೊತೆಗೇ ಮಾಡ್ಸಿ. ರಿಟರ್ನ್ ಅಥವಾ ಮುಂದಿನ ಊರಿನ ಟಿಕೆಟ್, ಉಳ್ಕೊಳ್ಳೋ ಜಾಗದ ಪೂರ್ತಿ ವಿಳಾಸ, ಖರ್ಚಿಗೆ ದುಡ್ಡಿದೆ ಅಂತ ತೋರ್ಸೋಕೆ ಬ್ಯಾಂಕ್ ಸ್ಟೇಟ್‌ಮೆಂಟೋ ಕಾರ್ಡೋ, ಇವಿಷ್ಟು ಪ್ರಿಂಟ್ ತಗೊಂಡು ಹ್ಯಾಂಡ್ ಬ್ಯಾಗಲ್ಲಿ ಇಟ್ಕೊಳ್ಳಿ. ಫೋನ್ ಚಾರ್ಜ್ ಸತ್ತಾಗ ಕಾಪಾಡೋದು ಪೇಪರ್ರೇ. ಅಮೆರಿಕನ್ ಡಾಲರ್ ಒಯ್ದ್ರೆ ಸಾಕು, ಅಲ್ಲಿ ಎಲ್ಲ ಕಡೆ ತಗೋತಾರೆ, ಒಂದು ಅಮೆರಿಕನ್ ಡಾಲರ್‌ಗೆ ಎರಡು ಬಾರ್ಬಡೋಸ್ ಡಾಲರ್ ಅನ್ನೋ ಲೆಕ್ಕ 1975ರಿಂದ ಬದಲಾಗಿಲ್ಲ.

ಹೊರಡೋಕೆ ಎರಡು ಮೂರು ದಿನ ಮುಂಚೆ ಬಾರ್ಬಡೋಸ್ ಸರ್ಕಾರದ ಆನ್‌ಲೈನ್ ಇಮಿಗ್ರೇಷನ್, ಕಸ್ಟಮ್ಸ್ ಫಾರ್ಮ್ ತುಂಬಿ. ಪಾಸ್‌ಪೋರ್ಟ್ ನಂಬರ್, ಫ್ಲೈಟ್ ನಂಬರ್, ಹೋಟೆಲ್ ವಿಳಾಸ ಕೇಳುತ್ತೆ, ಮುಗಿದ್ಮೇಲೆ ಮೇಲ್‌ಗೆ ರಸೀದಿ ಬರುತ್ತೆ, ಅದನ್ನ ಸ್ಕ್ರೀನ್‌ಶಾಟ್ ತೆಗ್ದಿಡಿ. ಇದಕ್ಕೆ ಫೀಸ್ ಇಲ್ಲ. ಡಾಲರ್ ಕೇಳೋ ಪೇಜ್ ತೆರ್ಕೊಂಡ್ರೆ ತಕ್ಷಣ ಮುಚ್ಚಿ, ವಿಳಾಸದ ಕೊನೇಲಿ 'ಜಿಓವಿ ಡಾಟ್ ಬಿಬಿ' ಇರೋದೇ ಸರ್ಕಾರದ ಸೈಟು.

ಬ್ಯಾಗ್ ಪ್ಯಾಕ್ ಮಾಡುವಾಗ ಸೈನಿಕರ ಡಿಸೈನ್ ಇರೋ ಕ್ಯಾಮಫ್ಲಾಜ್ ಬಟ್ಟೆ ಒಂದೂ ಇರ್ಬಾರ್ದು. ಬಾರ್ಬಡೋಸ್‌ನಲ್ಲಿ ಅದನ್ನ ಹಾಕೋದು ಕಾನೂನು ಪ್ರಕಾರ ಅಪರಾಧ, ಮಕ್ಕಳಿಗೂ ವಿನಾಯ್ತಿ ಇಲ್ಲ, ಆದ್ರಿಂದ ಮಗುವಿನ ಚಡ್ಡಿ, ಟೋಪಿ, ಸ್ಕೂಲ್ ಬ್ಯಾಗ್ ಎಲ್ಲ ಒಂದ್ಸಲ ನೋಡಿ.

ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ಚೆಕ್‌ಇನ್ ಕೌಂಟರ್‌ನೋರು ಟಿಮ್ಯಾಟಿಕ್ ಅನ್ನೋ ಸಿಸ್ಟಂನಲ್ಲಿ ನಿಮ್ಮ ಪಾಸ್‌ಪೋರ್ಟ್, ನಿಮ್ಮ ರೂಟ್ ಹಾಕಿ ನೋಡ್ತಾರೆ. ಪೇಪರ್ ಸರಿ ಇಲ್ದೋರನ್ನ ಹತ್ತಿಸ್ಕೊಂಡ್ರೆ ಏರ್‌ಲೈನ್‌ಗೇ ದಂಡ ಬೀಳೋದ್ರಿಂದ ಡೌಟ್ ಬಂದ್ರೆ ಬೋರ್ಡಿಂಗ್ ಪಾಸ್ ಕೊಡಲ್ಲ. ಕೋಪ ಮಾಡ್ಕೊಳ್ದೆ ರಿಟರ್ನ್ ಟಿಕೆಟ್, ಹೋಟೆಲ್ ಬುಕಿಂಗ್ ತೋರ್ಸಿ. ಬ್ರಿಡ್ಜ್‌ಟೌನ್ ಹತ್ರದ ಗ್ರಾಂಟ್ಲಿ ಆಡಮ್ಸ್ ಏರ್‌ಪೋರ್ಟ್‌ಗೆ ಇಳಿದ್ಮೇಲೆ ಇಮಿಗ್ರೇಷನ್ ಆಫೀಸರ್ ಎಷ್ಟು ದಿನ, ಎಲ್ಲಿ ಇರ್ತೀರ ಅಂತ ಕೇಳ್ತಾರೆ. ಅವ್ರು ಸ್ಟ್ಯಾಂಪ್‌ನಲ್ಲಿ ಎಷ್ಟು ದಿನ ಬರೀತಾರೋ ಅಷ್ಟೇ ನಿಮ್ಗೆ ಸಿಗೋದು, 90 ದಿನ ಅಂತ ನೀವೇ ಅಂದ್ಕೋಬೇಡಿ, ಅಲ್ಲೇ ನಿಂತು ಓದ್ಕೊಳ್ಳಿ. ಲ್ಯಾಪ್‌ಟಾಪ್ ಹಿಡ್ಕೊಂಡು ಅಲ್ಲಿಂದಲೇ ತಿಂಗಳುಗಟ್ಲೆ ಆಫೀಸ್ ಕೆಲ್ಸ ಮಾಡೋ ಪ್ಲಾನ್ ಇದ್ರೆ ಅದಕ್ಕೆ 2020ರಲ್ಲಿ ಶುರುವಾದ ವೆಲ್‌ಕಮ್ ಸ್ಟ್ಯಾಂಪ್ ಅನ್ನೋ ಬೇರೆ ಪರ್ಮಿಟ್ ಇದೆ.

ಅಮೆರಿಕದಲ್ಲಿ ಎಚ್1ಬಿ ಅನ್ನೋ ಕೆಲಸದ ವೀಸಾ ಮೇಲಿರೋ ನಮ್ಮೋರಿಗೆ ಒಂದು ಮಾತು, ದಯವಿಟ್ಟು ಗಮನ ಕೊಡಿ. ಪಾಸ್‌ಪೋರ್ಟಲ್ಲಿನ ವೀಸಾ ಸ್ಟ್ಯಾಂಪ್ ಎಕ್ಸ್‌ಪೈರ್ ಆಗಿದ್ರೂ ಐ-94 (ಅಮೆರಿಕದಲ್ಲಿ ಎಷ್ಟು ದಿನ ಇರ್ಬಹುದು ಅನ್ನೋ ದಾಖಲೆ) ಚಾಲ್ತೀಲಿದ್ರೆ ಕೆನಡಾ ಅಥವಾ ಮೆಕ್ಸಿಕೋಗೆ 30 ದಿನದೊಳಗೆ ಹೋಗ್ಬರೋಕೆ ಆಟೋಮ್ಯಾಟಿಕ್ ರೀವ್ಯಾಲಿಡೇಷನ್ ಅಂತ ಅವಕಾಶ ಇದೆ. ಕೆರಿಬಿಯನ್ ದ್ವೀಪಗಳಿಗೆ ಆ ಸೌಲಭ್ಯ ಇರೋದು ಎಫ್ (ಸ್ಟೂಡೆಂಟ್) ಮತ್ತು ಜೆ (ಎಕ್ಸ್‌ಚೇಂಜ್ ವಿಸಿಟರ್) ವೀಸಾದೋರಿಗೆ ಮಾತ್ರ. ಎಚ್1ಬಿನೋರು, ಅವ್ರ ಗಂಡ, ಹೆಂಡ್ತಿ, ಮಕ್ಕಳಿಗೆ ಕೊಡೋ ಎಚ್4 ವೀಸಾದೋರು ಎಕ್ಸ್‌ಪೈರ್ ಆದ ಸ್ಟ್ಯಾಂಪ್ ಇಟ್ಕೊಂಡು ಬಾರ್ಬಡೋಸ್‌ಗೆ ಹೋದ್ರೆ ಹೊಸ ವೀಸಾ ಸಿಗೋ ತನಕ ವಾಪಸ್ ಹೋಗೋಕಾಗಲ್ಲ.

ಪಕ್ಕದ ಟ್ರಿನಿಡಾಡ್‌ನೂ ನೋಡ್ಕೊಂಡು ಬರೋಣ ಅನ್ನೋರು ಯೆಲ್ಲೋ ಫೀವರ್ ಲಸಿಕೆ ಹಾಕಿಸ್ಕೊಂಡು ಅದರ ಸರ್ಟಿಫಿಕೇಟ್, ಅಂದ್ರೆ ಹಳದಿ ಕಾರ್ಡ್ ಇಟ್ಕೊಳ್ಳಿ. ಅಲ್ಲಿಂದ ಆರು ದಿನದೊಳಗೆ ಕಾರ್ಡ್ ಇಲ್ದೆ ಇಂಡಿಯಾಗೆ ಇಳಿದ್ರೆ ಕ್ವಾರಂಟೈನ್ ಮಾಡ್ತಾರೆ, ಲಸಿಕೆ ಹಾಕಿಸ್ಕೊಂಡು ಹತ್ತು ದಿನ ಆದ್ಮೇಲಷ್ಟೇ ಕಾರ್ಡ್ ಲೆಕ್ಕಕ್ಕೆ ಬರೋದು.

ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳುವಾಗ ಚಂಡಮಾರುತದಿಂದ ಫ್ಲೈಟ್ ಕ್ಯಾನ್ಸಲ್ ಆದ್ರೆ ದುಡ್ಡು ಕೊಡ್ತಾರಾ ಅಂತ ಕೇಳಿ. ಜೂನ್ 1ರಿಂದ ನವೆಂಬರ್ 30ರ ತನಕ ಅಲ್ಲಿ ಹರಿಕೇನ್ ಸೀಸನ್, ಕಪ್ ಗೆದ್ದ ನಮ್ಮ ಟೀಮೇ ಬೆರಿಲ್ ಚಂಡಮಾರುತಕ್ಕೆ ಏರ್‌ಪೋರ್ಟ್ ಮುಚ್ಚಿ ದಿನಗಟ್ಲೆ ಹೋಟೆಲ್‌ನಲ್ಲೇ ಉಳೀಬೇಕಾಯ್ತು. ಡಿಸೆಂಬರ್‌ನಿಂದ ಏಪ್ರಿಲ್ ನಡುವೆ ಹೋದ್ರೆ ರೇಟ್ ಜಾಸ್ತಿ, ಆದ್ರೆ ಆ ಭಯ ಇಲ್ಲ.