ಪುಣೆಯಿಂದ ಮುಂಬೈಗೆ, ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು

ಪುಣೆಗೆ ಹೊಸದಾಗಿ ಬಂದ ನಮ್ಮವರು ಬಾಡಿಗೆ ಮನೆ, ಶಾಲೆ ಅಡ್ಮಿಶನ್, ಗ್ಯಾಸ್ ಸಿಲಿಂಡರ್ ಎಲ್ಲ ಮುಗಿಸಿ ಉಸಿರು ಬಿಟ್ಟ ಮೇಲೆ ತಪ್ಪದೆ ಕೇಳುವ ಪ್ರಶ್ನೆ: ‘ಮುಂಬೈ ಒಂದ್ಸಲ ನೋಡ್ಕೊಂಡು ಬರೋಣ ಅಂತಿದೀವಿ, ಮಕ್ಕಳು ಸಣ್ಣವು, ಕಾರಲ್ಲೇ ಹೋಗಬಹುದಾ?’ ಧಾರಾಳವಾಗಿ ಹೋಗಿ. ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟೇ ದೂರ, ಹೆಚ್ಚುಕಡಿಮೆ 150 ಕಿಲೋಮೀಟರ್. ಆದರೆ ನಡುವೆ ಒಂದು ಘಟ್ಟ ಇದೆ. ಎಷ್ಟು ಹೊತ್ತಿಗೆ ಘಟ್ಟ ಇಳಿಯುತ್ತೀರಿ, ಆಗ ಮಕ್ಕಳ ಹೊಟ್ಟೆಯಲ್ಲಿ ಏನಿರುತ್ತದೆ, ಇವೆರಡನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಹೋಟೆಲ್, ನೋಡುವ ಜಾಗ, ವಾಪಸು ಹೊರಡುವ ಹೊತ್ತು ಎಲ್ಲ ಅದರ ಹಿಂದೆ ತಾನಾಗಿ ಬರುತ್ತವೆ.

ನಾನು ಇದನ್ನು ಕಲಿತದ್ದು ಸೀಟ್ ಕವರ್ ಒಗೆದು. ದೊಡ್ಡ ಮಗಳಿಗೆ ಆಗ ನಾಲ್ಕು ವರ್ಷ. ಘಟ್ಟದ ನೆತ್ತಿಯ ಊರು ಲೋಣಾವಳಾದಲ್ಲಿ ಇಳಿದು ಬಿಸಿಬಿಸಿ ವಡಾಪಾವ್ ತಿನ್ನಿಸಿ, ಮೇಲೊಂದು ಗ್ಲಾಸ್ ಬದಾಮಿ ಹಾಲು ಕುಡಿಸಿ, ಜಂಬದಿಂದ ಗಾಡಿ ಹೊರಡಿಸಿದೆ. ಖಂಡಾಳಾ ಸುರಂಗ ದಾಟಿ ಇಳಿಜಾರು ಶುರುವಾದಾಗ ಹಿಂದಿನಿಂದ ‘ಅಪ್ಪಾ, ಬಾಯಲ್ಲಿ ನೀರು ಬರ್ತಾ ಇದೆ’ ಅಂದಳು. ‘ನೀರಡಿಕೆ ಆಗಿರಬೇಕು, ಬಾಟಲಿ ಕೊಡು’ ಅಂದೆ ಹೆಂಡತಿಗೆ. ಬಾಟಲಿಯ ಮುಚ್ಚಳ ತೆಗೆಯುವುದರೊಳಗೆ ಆಗಬೇಕಾದ್ದು ಆಯಿತು. ಎಡಕ್ಕೆ ಲಾರಿಗಳ ಸಾಲು, ನಿಲ್ಲಿಸಲು ಜಾಗವಿಲ್ಲ. ಖಾಲಾಪುರದವರೆಗೆ ನಾಲ್ಕೂ ಕಿಟಕಿ ಇಳಿಸಿಕೊಂಡೇ ಹೋದೆವು. ಮಗು ‘ಬಾಯಲ್ಲಿ ನೀರು’ ಅಂದರೆ ನಿಮ್ಮ ಕೈಯಲ್ಲಿ ಇನ್ನೊಂದು ನಿಮಿಷ ಇದೆ ಅಂತ ಲೆಕ್ಕ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೊರಡುವ ಮುಂಚೆ ಎರಡು ಇಡ್ಲಿ, ಅಷ್ಟೇ. ಹಾಲಿಲ್ಲ, ಚಾಕೊಲೇಟ್ ಇಲ್ಲ. ದಾರಿಗೆ ಡಬ್ಬಿಯಲ್ಲಿ ಒಣ ಚುರುಮುರಿ, ಹುರಿದ ಶೇಂಗಾ. ಘಟ್ಟ ಇಳಿಯುವಾಗ ಮೊಬೈಲ್, ಚಿತ್ರದ ಪುಸ್ತಕ ಎಲ್ಲ ಒಳಗೆ. ಮಕ್ಕಳು ಮುಂದಿನ ರಸ್ತೆ ನೋಡುತ್ತ ಸುರಂಗ ಎಣಿಸಬೇಕು. ಹೊಟ್ಟೆ ತುಂಬಾ ತಿನ್ನುವುದೇನಿದ್ದರೂ ಘಟ್ಟ ಇಳಿದ ಮೇಲೆ, ಖಾಲಾಪುರದ ಕಡೆಯ ಫುಡ್ ಮಾಲ್‌ನಲ್ಲಿ. ಲೋಣಾವಳಾ ಚಿಕ್ಕಿ ಬೇಕೇ ಬೇಕೆಂದರೆ ವಾಪಸು ಬರುವಾಗ ಕೊಳ್ಳಿ. ಪದೇ ಪದೇ ವಾಂತಿ ಮಾಡುವ ಮಗುವಾದರೆ ಔಷಧದ ವಿಚಾರ ನಿಮ್ಮ ಮಕ್ಕಳ ಡಾಕ್ಟರನ್ನು ಎರಡು ದಿನ ಮುಂಚೆಯೇ ಕೇಳಿ, ಹೆದ್ದಾರಿ ಬದಿಯ ಮೆಡಿಕಲ್ ಅಂಗಡಿಯವನನ್ನಲ್ಲ.

ಜಾಮ್ ಬಗ್ಗೆ ಆಫೀಸಿನವರು ನಿಮ್ಮನ್ನು ಹೆದರಿಸಿರುತ್ತಾರೆ. ಶನಿವಾರ ಬೆಳಗ್ಗೆ ಘಟ್ಟದಲ್ಲಿ ಗಾಡಿಗಳು ಇರುವೆ ಸಾಲಿನಂತೆ ನಿಂತಿರುವ ಫೋಟೋ ನೋಡಿಯೇ ಇರುತ್ತೀರಿ. ಅದು ಹೆಚ್ಚಿನ ಸಲ ಮುಂಬೈಯವರು ಲೋಣಾವಳಾಕ್ಕೆ ಹತ್ತಿ ಬರುವ ಬದಿ. ನಾವು ಇಳಿಯುವವರು. ಭಾನುವಾರ ಸಂಜೆ ಅವರು ಇಳಿಯುತ್ತಾರೆ, ನಾವು ಹತ್ತುತ್ತೇವೆ. ಪುಣೆಯಲ್ಲಿ ಮನೆ ಮಾಡಿದ್ದಕ್ಕೆ ಸಿಗುವ ಕೆಲವೇ ಲಾಭಗಳಲ್ಲಿ ಇದೂ ಒಂದು! ಹಾಗಾಗಿ ನಾಲ್ಕು ಗಂಟೆಗೆ ಮಕ್ಕಳನ್ನು ಎಬ್ಬಿಸಿ ಅಳಿಸಬೇಡಿ. ಆರೂವರೆ ಏಳಕ್ಕೆ ಹೊರಟರೆ ಸಾಕು. ಮಳೆಗಾಲದ ಮಾತು ಬೇರೆ. ಜುಲೈ, ಆಗಸ್ಟಿನಲ್ಲಿ ಘಟ್ಟದ ಮಂಜಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟು ಏನೂ ಕಾಣದ ದಿನಗಳಿರುತ್ತವೆ, ಗುಡ್ಡ ಜರಿಯುವುದೂ ಉಂಟು. ಚಿಕ್ಕ ಮಕ್ಕಳ ಮೊದಲ ಪ್ರಯಾಣಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯದು.

ಪುಣೆ-ಮುಂಬೈ ಎಕ್ಸ್‌ಪ್ರೆಸ್‌ವೇ ಉದ್ದ ಸುಮಾರು 94 ಕಿ.ಮೀ. ಕಾರಿಗೆ ಟೋಲ್ 2023ರ ಏಪ್ರಿಲ್‌ನಲ್ಲಿ ಒಂದು ಕಡೆಗೆ 320 ರೂಪಾಯಿ ಆಗಿತ್ತು. ಫಾಸ್ಟ್‌ಟ್ಯಾಗ್‌ನಲ್ಲಿ ದುಡ್ಡಿದೆಯೇ ಅಂತ ಹಿಂದಿನ ರಾತ್ರಿಯೇ ನೋಡಿಡಿ. ಬಯಲಿನಲ್ಲಿ ವೇಗಮಿತಿ 100, ಘಟ್ಟದಲ್ಲಿ ಬಹಳ ಕಡಿಮೆ, ಎಲ್ಲೆಡೆ ಕ್ಯಾಮೆರಾ. ‘ಎಲ್ಲರೂ ಹೋಗ್ತಿದ್ರು’ ಅನ್ನುವ ಸಬೂಬು ಚಲನ್ ಬಂದ ಮೇಲೆ ನಡೆಯುವುದಿಲ್ಲ. ಇನ್ನೂ ಕೆಎ ನಂಬರ್ ಪ್ಲೇಟ್ ಇದ್ದರೆ ಕೈ ಅಡ್ಡ ಮಾಡಿ ನಿಲ್ಲಿಸುವ ಸಂಭವ ಹೆಚ್ಚು. ಆರ್‌ಸಿ, ಇನ್ಶೂರೆನ್ಸ್, ಲೈಸೆನ್ಸ್ ಡಿಜಿಲಾಕರ್‌ನಲ್ಲಿ ಇರಲಿ, ಪಿಯುಸಿ (ಹೊಗೆ ತಪಾಸಣೆಯ ಸರ್ಟಿಫಿಕೇಟ್) ಅವಧಿ ತೀರಿರಬಾರದು. ಒಂದು ವರ್ಷಕ್ಕಿಂತ ಹೆಚ್ಚು ಇಲ್ಲಿ ಗಾಡಿ ಇಡುವುದಾದರೆ ಎಂಎಚ್ ನೋಂದಣಿ ಮಾಡಿಸಲೇಬೇಕು. ಆ ಕಥೆ ಇನ್ನೊಮ್ಮೆ.

ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮ್ಮೂರ ಕಡೆ ಪ್ರೀತಿಯ ಲಕ್ಷಣ. 2019ರ ತಿದ್ದುಪಡಿ ಕಾನೂನಿನ ಪ್ರಕಾರ 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಕಡ್ಡಾಯ, ತಪ್ಪಿದರೆ ಸಾವಿರ ರೂಪಾಯಿ ದಂಡ. ದಂಡ ಹಾಗಿರಲಿ, ಈ ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ತಾಯಿಯ ಕೈ ಮಗುವನ್ನು ಹಿಡಿದು ನಿಲ್ಲಿಸಲಾರದು. ಸಿಎನ್‌ಜಿ ಕಾರಿನವರಿಗೆ ಒಂದು ಮಾತು: ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ, ಸ್ಟ್ರಾಲರ್ ಹಿಡಿಯುವುದಿಲ್ಲ. ತುಂಬಿಸುವಾಗ ಎಲ್ಲರೂ ಕೆಳಗೆ ಇಳಿಯಬೇಕು, ಆಗಷ್ಟೇ ನಿದ್ದೆ ಹತ್ತಿದ ಮಗುವೂ ಸೇರಿ. ಹಿಂದಿನ ದಿನವೇ ತುಂಬಿಸಿಡಿ.

ದಾರಿ ಕೇಳುವಾಗ ಒಂದು ತಮಾಷೆ ನೆನಪಿರಲಿ. ಮರಾಠಿಯಲ್ಲಿ ‘ಸರಳ ಜಾ’ ಅಂದರೆ ನೇರ ಹೋಗಿ ಅಂತ. ನಮ್ಮತ್ತೆ ಮೊದಲ ಸಲ ಕೇಳಿ ‘ದಾರಿ ಸರಳವಂತೆ, ಭಯ ಬೇಡ’ ಅಂದಿದ್ದರು. ‘ಡಾವೀಕಡೆ’ ಎಡಕ್ಕೆ, ‘ಉಜವೀಕಡೆ’ ಬಲಕ್ಕೆ. ವಾಂತಿಗೆ ‘ಉಲ್ಟಿ’ ಅಂದರೆ ಯಾವ ಅಂಗಡಿಯವನೂ ತಡಮಾಡದೆ ನೀರು ಕೊಡುತ್ತಾನೆ.

ದಕ್ಷಿಣ ಮುಂಬೈಗೆ ಅಟಲ್ ಸೇತುವಿನ ಮೇಲೂ ಹೋಗಬಹುದು. 2024ರ ಜನವರಿ 12ರಂದು ಉದ್ಘಾಟನೆಯಾದದ್ದು, ಉದ್ದ 21.8 ಕಿ.ಮೀ. ಮಕ್ಕಳಿಗೆ ಎರಡೂ ಕಡೆ ನೀರು ನೋಡುವ ಖುಷಿ. ಆದರೆ ಸೇತುವೆ ಮೇಲೆ ನಿಲ್ಲಿಸುವಂತಿಲ್ಲ, ಫೋಟೋಗೂ ಇಲ್ಲ, ಸೂಸೂಗೂ ಇಲ್ಲ. ಹತ್ತುವ ಮೊದಲೇ ‘ಬಂದಿಲ್ಲ’ ಅನ್ನುವವರನ್ನೂ ಕರೆದುಕೊಂಡು ಹೋಗಿ ಬನ್ನಿ.

ಮುಂಬೈಯಲ್ಲಿ ದಿನಕ್ಕೆ ಒಂದೇ ಜಾಗ ಸಾಕು. ಗೇಟ್‌ವೇ ಆಫ್ ಇಂಡಿಯಾ ಕಾಣಬೇಕೆಂದು ಎಲ್ಲರೂ ಕೊಲಾಬಾದಲ್ಲಿ ರೂಮು ಹಿಡಿಯುತ್ತಾರೆ. ನಾನಾದರೆ ದಾದರ್, ಮಾಟುಂಗಾ ಕಡೆ ಉಳಿಯುತ್ತೇನೆ. ಮೂರು ದಿನ ಹೊರಗಿನ ಊಟ ತಿಂದು ಮುಖ ಸಿಂಡರಿಸುವ ಮಗುವಿಗೆ ಮಾಟುಂಗಾದಲ್ಲಿ ಇಡ್ಲಿ, ಸಾರು, ಮೊಸರನ್ನ ಸಿಗುತ್ತದೆ. ಸ್ಟೇಷನ್ ಪಕ್ಕದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ನಡೆದಿದೆ. ಬಾಳೆ ಎಲೆಯ ಊಟವೂ ಉಂಟು. ಅಲ್ಲಿಯ ಇನ್ನೊಂದು ಹೋಟೆಲ್ ಕೆಫೆ ಮದ್ರಾಸ್ ಒಳ್ಳೆಯದೇ, ಆದರೆ ಭಾನುವಾರ ಬೆಳಗ್ಗೆ ಹಸಿದ ಮಗುವನ್ನು ಎತ್ತಿಕೊಂಡು ಆ ಕ್ಯೂನಲ್ಲಿ ನಿಲ್ಲುವುದು ಬೇಡಪ್ಪಾ.

ಕಾರು ರೂಮಿನ ಹತ್ತಿರವೇ ಇರಲಿ, ಪಾರ್ಕಿಂಗ್ ಇದೆಯೇ ಅಂತ ಫೋನ್ ಮಾಡಿ ಕೇಳಿಯೇ ಬುಕ್ ಮಾಡಿ. ಸುತ್ತಾಟಕ್ಕೆ ಕಾಲೀ ಪೀಲೀ ಟ್ಯಾಕ್ಸಿ ಹಿಡಿಯಿರಿ. ದಕ್ಷಿಣ ಮುಂಬೈಯಲ್ಲಿ ಆಟೋ ಓಡುವುದಿಲ್ಲ. ಬಾಯ್ಕಳಾದ ರಾಣಿಬಾಗ್ ಮೃಗಾಲಯದಲ್ಲಿ ಪೆಂಗ್ವಿನ್‌ಗಳಿವೆ, ಬುಧವಾರ ರಜೆ. ಬೇರೇನೂ ನೋಡದಿದ್ದರೂ ಇದನ್ನು ಬಿಡಬೇಡಿ. ನಮ್ಮ ಚಿಕ್ಕವನು ಗಾಜಿಗೆ ಮೂಗೊತ್ತಿ ಮುಕ್ಕಾಲು ಗಂಟೆ ನಿಂತ, ಪಕ್ಕದ ಹುಲಿಯನ್ನು ತಿರುಗಿಯೂ ನೋಡಲಿಲ್ಲ. ವರ್ಲಿಯ ನೆಹರು ಸೈನ್ಸ್ ಸೆಂಟರ್ ಐದು ದಾಟಿದವರಿಗೆ ಹೇಳಿ ಮಾಡಿಸಿದ್ದು. ಮಲಬಾರ್ ಹಿಲ್‌ನ ಕಮಲಾ ನೆಹರು ಪಾರ್ಕಿನ ಬೂಟಿನ ಮನೆಗೆ ಸಂಜೆ ಹೋಗಿ. ಎಲಿಫೆಂಟಾ ದ್ವೀಪದ ಗುಹೆಗಳನ್ನು ಈ ಸಲ ಬಿಡಿ: ಒಂದು ಗಂಟೆ ದೋಣಿ, ನೂರಕ್ಕೂ ಹೆಚ್ಚು ಮೆಟ್ಟಿಲು, ಕೈಯ ಬಿಸ್ಕತ್ತು ಕಸಿಯುವ ಕೋತಿ, ಎರಡು ವರ್ಷದ್ದನ್ನು ಹೊತ್ತು ಹತ್ತುವವರು ನೀವೇ. ಸೋಮವಾರ ಗುಹೆಗಳಿಗೆ ರಜೆ ಬೇರೆ.

ವಾಪಸು ಬರುವ ದಿನ ಊಟ ಮುಗಿಸಿ ತಕ್ಷಣ ಹೊರಡಬೇಡಿ, ಒಂದು ಗಂಟೆ ಬಿಟ್ಟು ಹೊರಡಿ. ಘಟ್ಟ ಹತ್ತುವ ಹೊತ್ತಿಗೆ ಮಕ್ಕಳಿಗೆ ನಿದ್ದೆ ಬಂದಿರುತ್ತದೆ. ಆದರೂ ಹಳೇ ಟವೆಲ್ಲು, ಎರಡು ಪ್ಲಾಸ್ಟಿಕ್ ಚೀಲ, ಒಂದು ಜೊತೆ ಬಟ್ಟೆ ಡಿಕ್ಕಿಯ ಸೂಟ್‌ಕೇಸಿಗೆ ಹೋಗಬಾರದು. ಮುಂದಿನ ಸೀಟಿನವರ ಕಾಲ ಬುಡದಲ್ಲೇ ಇರಲಿ.