ಎಂಎಸ್ಸಿ, ಕೆರೆ ದಂಡೆಯ ಪಾಠ, ಜರ್ಮನಿಯಲ್ಲಿರೋ ಹುಡುಗ: ಟೈಮ್ ಹೊಂದಿಸೋದು ಹೇಗೆ

ಮೈಸೂರು ವಿವಿಯ ಮಾನಸಗಂಗೋತ್ರಿ ಕ್ಯಾಂಪಸ್‌ನಲ್ಲಿ ಎಂಎಸ್ಸಿ, ಭಾನುವಾರ ಮಕ್ಕಳಿಗೆ ಹೊರಗಡೆ ಪಾಠ, ನಿಶ್ಚಿತಾರ್ಥ ಆದ ಹುಡುಗ ಜರ್ಮನಿಯಲ್ಲಿ. ನಿಮ್ಮದೂ ಇದೇ ಕಥೆ ಆಗಿದ್ದರೆ ಓದಿ.

ಮಕ್ಕಳನ್ನು ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋಗೋದಾದರೆ ಬೆಳಿಗ್ಗೆ 6.30ಕ್ಕೆ ಶುರು ಮಾಡಿ, 9ರೊಳಗೆ ಮುಗಿಸಿ. ಬಿಸಿಲೇರಿದರೆ ಹಕ್ಕಿಗಳ ಓಡಾಟವೂ ಕಡಿಮೆ, ಮಕ್ಕಳ ತಾಳ್ಮೆಯೂ ಕಡಿಮೆ. ಪಾಠದ ಆ ಹೊತ್ತಲ್ಲಿ ಜರ್ಮನಿಯಲ್ಲಿ ಇನ್ನೂ ನಿದ್ದೆಯ ಸಮಯ, ಫೋನ್ ಬರೋ ಹೊತ್ತೂ ಅಲ್ಲ. ಪ್ರತಿ ವಾರ ಹೊಸ ಪಾಠ ತಯಾರಿಸೋ ಗೋಜಿಗೆ ಹೋಗಬೇಡಿ. ಅದೇ ಕೆರೆ, ಅದೇ ಮರ, ಅದೇ ಹೆಜ್ಜಾರ್ಲೆ, ನೀರುಕಾಗೆ ಹಕ್ಕಿಗಳು ಸಾಕು. ಮಳೆಗಾಲಕ್ಕೂ ಚಳಿಗಾಲಕ್ಕೂ ಎಲ್ಲ ಬೇರೆಯಾಗಿ ಕಾಣುತ್ತೆ, ಮಕ್ಕಳೇ ಚಿತ್ರ ಬಿಡಿಸಿ ಪ್ರಶ್ನೆ ಕೇಳುತ್ತಾರೆ, ನಿಮ್ಮ ಶನಿವಾರ ರಾತ್ರಿ ಲ್ಯಾಬ್ ರೆಕಾರ್ಡ್ ಬರೆಯೋಕೆ ಉಳಿಯುತ್ತೆ.

ಫೋನ್ ವಿಷಯಕ್ಕೆ ಬಂದರೆ, ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತೆ. ನಮ್ಮ ರಾತ್ರಿ 9.30 ಅಲ್ಲಿ ಬೇಸಿಗೆಯಲ್ಲಿ ಸಂಜೆ 6, ಚಳಿಗಾಲದಲ್ಲಿ ಬರೀ 5, ಅವರಿನ್ನೂ ಆಫೀಸಲ್ಲೇ ಇರಬಹುದು ಅಲ್ವಾ? ಅದನ್ನ ಮೊದಲೇ ಮಾತಾಡಿಕೊಂಡರೆ ಸುಮ್ನೆ ಮುನಿಸು ತಪ್ಪುತ್ತೆ. ಪಾಠದ ಹಿಂದಿನ ರಾತ್ರಿ ಮತ್ತು ಪರೀಕ್ಷೆ ಸಮಯದಲ್ಲಿ ಕಾಲ್ ಬೇಡ, ವಾಯ್ಸ್ ಮೆಸೇಜ್ ಸಾಕು.

ಇನ್ನೊಂದು, ಇಂಟರ್ನಲ್ಸ್ ಮತ್ತು ಸೆಮಿನಾರ್ ದಿನಾಂಕಗಳನ್ನು ಹುಡುಗನಿಗಷ್ಟೇ ಅಲ್ಲ, ಅತ್ತೆಗೂ ಅಮ್ಮನಿಗೂ ಕಳಿಸಿಬಿಡಿ. ಸೀರೆ ಆರಿಸೋಕೆ ಬಾ ಅನ್ನೋ ಕರೆ ಬರೋದು ಅದ್ಯಾಕೋ ಪರೀಕ್ಷೆಯ ಹಿಂದಿನ ದಿನವೇ!