ಗೆಂಡೆ ಮೀನಿನ ತಳಿ ಕೆಡದಂತೆ ಮರಿ ಮಾಡಿಸುವುದು ಹೇಗೆ?

ಯಾವ ಮರಿ ಕೇಂದ್ರಕ್ಕೆ ಹೋದರೂ ಇದೇ ದೃಶ್ಯ. ಕೊಳಕ್ಕೆ ಬಲೆ ಎಳೆಯುತ್ತಾರೆ. ಕೈಗೆ ಸಿಕ್ಕ ಮೂರು ಹೆಣ್ಣು, ಐದಾರು ಗಂಡು ಎತ್ತಿ ತೊಟ್ಟಿಗೆ ಹಾಕುತ್ತಾರೆ. ಬೆಳಗಾಗುವಷ್ಟರಲ್ಲಿ ಲಕ್ಷಗಟ್ಟಲೆ ಮೊಟ್ಟೆ. ‘ಇಷ್ಟೇ ಸಾಕಲ್ವಾ, ಜಾಸ್ತಿ ಮೀನು ಹಿಡಿದು ಏನು ಮಾಡೋದು?’ ಅಂತ ನನ್ನನ್ನೇ ಕೇಳುತ್ತಾರೆ. ನಾಲ್ಕು ವರ್ಷ ಕಳೆದ ಮೇಲೆ ಅದೇ ಜನ ‘ಮೀನು ಬೆಳೀತಾ ಇಲ್ಲ’ ಅಂತ ಮೇವಿಗೆ ಬೈಯುತ್ತಾರೆ, ನೀರಿಗೆ ಬೈಯುತ್ತಾರೆ.

ಮೇವು, ನೀರಿನ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅಪ್ಪ–ಅಮ್ಮನನ್ನು ಆರಿಸುವ ಹಂತದಲ್ಲೇ ಹತ್ತರಲ್ಲಿ ಒಂಬತ್ತು ಜನ ಎಡವುತ್ತಾರೆ. ಆದ್ದರಿಂದ ಮಾತೆಲ್ಲ ಅದರದ್ದೇ. ಮೀನು ಸಾಮಾನ್ಯ ಗೆಂಡೆ, ಅದರಲ್ಲೂ ಅಮೂರ್ ತಳಿ. ರೋಹು, ಕಾಟ್ಲಾ ಮೀನಿಗೆ ಮೊಟ್ಟೆ ಇಡಿಸಲು ಚುಚ್ಚುಮದ್ದು ಬೇಕು, ಮರಿ ಮಾಡಿಸಲು ವೃತ್ತಾಕಾರದ ತೊಟ್ಟಿಯ ಹ್ಯಾಚರಿ ಬೇಕು. ಗೆಂಡೆಗೆ ಒಂದು ಹಾಪಾ ಮತ್ತು ಒಂದಿಷ್ಟು ನೀರುಕಳೆ ಸಾಕು. ಹಾಪಾ ಅಂದರೆ ಕೊಳದೊಳಗೆ ನಾಲ್ಕು ಗೂಟಕ್ಕೆ ಕಟ್ಟುವ, ಸಣ್ಣ ಕಣ್ಣಿನ ಬಲೆಬಟ್ಟೆಯ ತೊಟ್ಟಿಲು.

ಹೆಜ್ಜೆ 1: ಮೂಲ ಮೀನು ಎಲ್ಲಿಂದ?

ನಮ್ಮ ಕೆರೆಗಳಲ್ಲಿರುವ ಸಾಮಾನ್ಯ ಗೆಂಡೆ ಹೆಚ್ಚಾಗಿ 1957ರಲ್ಲಿ ಬ್ಯಾಂಕಾಕ್‌ನಿಂದ ತಂದ ಮೀನಿನ ಸಂತತಿ. ಹೊಸ ರಕ್ತ ಸೇರದೆ ಅದು ಸೊರಗಿತು. ಆರು ತಿಂಗಳಿಗೇ ಹೊಟ್ಟೆ ತುಂಬ ಮೊಟ್ಟೆ. ತಿಂದದ್ದೆಲ್ಲ ಮೊಟ್ಟೆಗೆ ಹೋದರೆ ಮೈ ಬೆಳೆಯುವುದು ಯಾವಾಗ? ಸಾಲದ್ದಕ್ಕೆ ಕೊಳದಲ್ಲೇ ಮರಿ ಹಾಕಿ, ಸಾವಿರ ಬಾಯಿ ಒಂದೇ ತಟ್ಟೆಗೆ ಬೀಳುತ್ತವೆ. ಬೆಂಗಳೂರಿನ ಹೆಸರಘಟ್ಟ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ಹೊರದೇಶಗಳ ಗೆಂಡೆ ತಳಿ ತರಿಸಿ, ಪಕ್ಕಪಕ್ಕದಲ್ಲೇ ಬೆಳೆಸಿ ನೋಡಿದರು. ಹಂಗೆರಿಯಿಂದ ಬಂದ ಅಮೂರ್ ಗೆದ್ದಿತು. ಸ್ಥಳೀಯ ಮೀನಿಗಿಂತ ಕಾಲು ಭಾಗದಷ್ಟು ಜಾಸ್ತಿ ಬೆಳವಣಿಗೆ, ಮೊಟ್ಟೆಯೂ ತಡ. ಮಾರ್ಚ್‌ಗೇ ಕೆರೆ, ಕೃಷಿ ಹೊಂಡ ಬತ್ತುವ ನಮ್ಮ ಕಡೆ ಈ ಕಾಲು ಭಾಗ ಅಂದರೆ ಸಣ್ಣ ಮಾತಲ್ಲ. ಅದೇ ನೀರು, ಅದೇ ಮೇವು, ಒಂದೆರಡು ತಿಂಗಳು ಮೊದಲೇ ಮಾರುಕಟ್ಟೆ.

ಹಾಗಾಗಿ ಮೂಲ ಮೀನನ್ನು ಸರ್ಕಾರಿ ಕೇಂದ್ರದಿಂದಲೋ, ಭುವನೇಶ್ವರದ ಹತ್ತಿರ ಕೌಸಲ್ಯಾಗಂಗಾದಲ್ಲಿರುವ ರಾಷ್ಟ್ರೀಯ ಸಿಹಿನೀರು ಮೀನುತಳಿ ಬ್ಯಾಂಕಿನಿಂದಲೋ ತನ್ನಿ. ರಸ್ತೆ ಬದಿ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದ ಮೇಲೆ ‘ಅಮೂರ್’ ಅಂತ ಮಾರ್ಕರ್‌ನಲ್ಲಿ ಬರೆದಿದ್ದನ್ನು ನಂಬಬೇಡಿ. ನಾನು ಒಮ್ಮೆ ನಂಬಿದ್ದೆ. ಐದನೇ ತಿಂಗಳಲ್ಲಿ ಸಾರಿಗೆ ಅಂತ ಒಂದು ಮೀನು ಕೊಯ್ದರೆ, ಮುನ್ನೂರು ಗ್ರಾಂ ಮೀನಿನ ಹೊಟ್ಟೆ ತುಂಬ ಹಳದಿ ಮೊಟ್ಟೆಯ ಗಟ್ಟಿ. ಸಾರು ಚೆನ್ನಾಗಿತ್ತು ಅನ್ನುವುದಷ್ಟೇ ಸಮಾಧಾನ.

ಹೆಜ್ಜೆ 2: ಎಷ್ಟು ಅಮ್ಮ, ಎಷ್ಟು ಅಪ್ಪ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಒಂದು ಕಿಲೋ ತೂಗುವ ಹೆಣ್ಣು ಗೆಂಡೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಇಡುತ್ತದೆ. ಹಸುವಿಗೆ ವರ್ಷಕ್ಕೊಂದು ಕರು. ಹಾಗಾಗಿ ದನ ಸಾಕುವವನು ಬೇಕಂದರೂ ಒಂದೇ ಹಸುವಿನಿಂದ ಊರು ತುಂಬಿಸಲಾರ. ಮೀನು ಸಾಕುವವನು ಒಂದೇ ರಾತ್ರಿಯಲ್ಲಿ ತಾಲ್ಲೂಕು ತುಂಬಿಸಬಲ್ಲ. ಆ ಮರಿಗಳೆಲ್ಲ ಅಣ್ಣ–ತಂಗಿ. ಅವುಗಳಲ್ಲೇ ಕೆಲವನ್ನು ಉಳಿಸಿಕೊಂಡು ಮುಂದಿನ ವರ್ಷ ಮರಿ ಮಾಡಿಸಿದರೆ ಸಗೋತ್ರದ ಮದುವೆ ಅಲ್ಲ, ಒಂದೇ ಮನೆಯ ಮದುವೆ. ಹೀಗೆ ರಕ್ತಸಂಬಂಧ ಕೂಡುತ್ತಾ ಹೋದರೆ ಮೀನು ಬೆಳೆಯದೆ ಸೊರಗುತ್ತದೆ.

ಲೆಕ್ಕ ಸುಲಭ. ಹೆಣ್ಣಿನ ಸಂಖ್ಯೆಯನ್ನು ಗಂಡಿನ ಸಂಖ್ಯೆಯಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ. ಬಂದಿದ್ದನ್ನು ಒಟ್ಟು ಮೀನಿನ ಸಂಖ್ಯೆಯಿಂದ ಭಾಗಿಸಿ. ಆಮೇಲೆ 50ನ್ನು ಆ ಉತ್ತರದಿಂದ ಭಾಗಿಸಿ. ತಲೆಮಾರಿಗೆ ಶೇಕಡಾ ಎಷ್ಟು ರಕ್ತಸಂಬಂಧ ಸೇರುತ್ತದೆ ಅಂತ ಗೊತ್ತಾಗುತ್ತದೆ.

3 ಹೆಣ್ಣು, 6 ಗಂಡು ಇಟ್ಟುಕೊಳ್ಳಿ. 72ನ್ನು 9ರಿಂದ ಭಾಗಿಸಿದರೆ 8. ಅಂದರೆ ಶೇ 6.25. ‘ಗಂಡು ಕಮ್ಮಿ ಇದ್ದರೇನು, ಹೆಣ್ಣು ಜಾಸ್ತಿ ಇದೆಯಲ್ಲ’ ಅನ್ನುವವರಿಗೆ: 20 ಹೆಣ್ಣು, 2 ಗಂಡು ಹಾಕಿದರೆ ಶೇ 6.9. ಮೀನು 22 ಆದರೂ 9 ಮೀನಿಗಿಂತ ಕೆಟ್ಟ ಲೆಕ್ಕ! ಕಡಿಮೆ ಇರುವ ಲಿಂಗವೇ ಲೆಕ್ಕವನ್ನು ಕೆಳಗೆ ಎಳೆಯುತ್ತದೆ. 25 ಹೆಣ್ಣು, 50 ಗಂಡು ಇದ್ದರೆ ಶೇ 0.75. ಒಂದು ಶೇಕಡಾದೊಳಗೆ ಇರಬೇಕು, ಅದಕ್ಕೆ ನಾನು ಹೇಳುವುದು 25–50. ಹದಿನೈದಕ್ಕೆ ಒಪ್ಪಿಸಬೇಡಿ, ಒಪ್ಪಲ್ಲ.

ಇದು ನನ್ನೊಬ್ಬನ ಹೆದರಿಕೆ ಅಂದುಕೊಳ್ಳಬೇಡಿ. ಅಂಬೇಕರ್ ಏಕನಾಥ್ ಮತ್ತು ರೋಜರ್ ಡಾಯ್ಲ್ ಎಂಬ ವಿಜ್ಞಾನಿಗಳು ನಮ್ಮ ಕರ್ನಾಟಕದ ಮರಿ ಕೇಂದ್ರಗಳದ್ದೇ ಲೆಕ್ಕ ತೆಗೆದು 1990ರಲ್ಲಿ ಪ್ರಕಟಿಸಿದರು. ತಲೆಮಾರಿಗೆ ಶೇ 2ರಿಂದ 17ರವರೆಗೆ ರಕ್ತಸಂಬಂಧ. ಅಷ್ಟೂ ಮರಿ ಒಂದು ಹೆಣ್ಣು, ಎರಡು ಗಂಡಿನಿಂದಲೇ ಬಂದರೆ ಶೇ 18.75 ಆಗುತ್ತದೆ. ಅದರ ಹತ್ತಿರಕ್ಕೇ ಹೋಗಿದ್ದವರಿದ್ದರು ಅಂತಾಯಿತು.

ಹೆಜ್ಜೆ 3: ಯಾವ ಮೀನು?

ಎರಡು ತಪ್ಪು. ಒಂದು, ದೊಡ್ಡ ಮೀನನ್ನೆಲ್ಲ ಮಾರಿ, ಮಾರಾಟವಾಗದೆ ಉಳಿದದ್ದನ್ನು ತಾಯಿ ಮೀನು ಮಾಡುವುದು. ಬಿತ್ತನೆಗೆ ಜೊಳ್ಳು ಎತ್ತಿಟ್ಟ ಹಾಗೆ. ಪ್ರತಿ ವರ್ಷ ನಿಧಾನ ಬೆಳೆಯುವುದನ್ನೇ ಆರಿಸುತ್ತಾ ಹೋಗುತ್ತೀರಿ.

ಇನ್ನೊಂದು ತಪ್ಪು ಬುದ್ಧಿವಂತರದ್ದು. ಕಲಬೆರಕೆ ಕೊಳದಲ್ಲಿ ಅತಿ ದೊಡ್ಡ ಮೀನು ಹುಡುಕಿ ಎತ್ತುವುದು. ಅದು ಮೂರು ವಾರ ಮೊದಲು ಹುಟ್ಟಿರಬಹುದು. ಮೇವು ಹಾಕುವ ಮೂಲೆಯಲ್ಲೇ ಠಿಕಾಣಿ ಹೂಡಿರಬಹುದು. ದೊಡ್ಡದಾಗಿದ್ದು ಹುಟ್ಟುಗುಣದಿಂದಲೋ ಅದೃಷ್ಟದಿಂದಲೋ ಹೇಗೆ ಹೇಳುತ್ತೀರಿ? ಮೇಲಾಗಿ ಅತಿ ದೊಡ್ಡ ಹತ್ತು ಮೀನಿನಲ್ಲಿ ಹಲವು ಒಂದೇ ತಾಯಿಯ ಮಕ್ಕಳಾಗಿರಬಹುದು.

ನಾನು ಮಾಡುವುದು ಹೀಗೆ. ಒಂದು ಹೆಣ್ಣು, ಎರಡು ಗಂಡು ಸೇರಿದರೆ ಒಂದು ಮನೆ. ಪ್ರತಿ ಮನೆಗೆ ಪ್ರತ್ಯೇಕ ಹಾಪಾ. ಮರಿ ಆದ ಮೇಲೆ ಪ್ರತಿ ಮನೆಯಿಂದ ಸರಿಯಾಗಿ ನೂರು ಮರಿ ಎಣಿಸಿ ಅದರದ್ದೇ ಹಾಪಾದಲ್ಲಿ ಬೆಳೆಸುತ್ತೇನೆ. ನೂರು ಅಂದರೆ ನೂರು. ಒಂದರಲ್ಲಿ ಅರವತ್ತು, ಒಂದರಲ್ಲಿ ನೂರೈವತ್ತು ಇದ್ದರೆ ಕಮ್ಮಿ ಇರುವ ಕಡೆ ಮೀನು ಉಬ್ಬುತ್ತದೆ, ಹೋಲಿಕೆ ಹಾಳಾಗುತ್ತದೆ. ಮೂರು ತಿಂಗಳಿಗೆ ತೂಗಿ, ಪ್ರತಿ ಮನೆಯಲ್ಲಿ ತೂಕದಲ್ಲಿ ಮೊದಲ ಹತ್ತನ್ನು ಉಳಿಸಿಕೊಂಡು ಮಿಕ್ಕದ್ದನ್ನು ಸಾಕಣೆ ಕೊಳಕ್ಕೆ ಬಿಡುತ್ತೇನೆ. ಗಂಡು–ಹೆಣ್ಣು ಗೊತ್ತಾದ ಮೇಲೆ ಆ ಹತ್ತರಲ್ಲಿ ಒಂದು ಹೆಣ್ಣು, ಎರಡು ಗಂಡು. ಆರು ತಿಂಗಳೊಳಗೆ ಹೊಟ್ಟೆ ಊದಿದ ಹೆಣ್ಣು ಎಷ್ಟೇ ದೊಡ್ಡದಿರಲಿ, ನನ್ನಲ್ಲಿ ಪಾಸಾಗಲ್ಲ.

ಎಲ್ಲ ಮನೆಯಿಂದಲೂ ಸಮಪಾಲು ತೆಗೆದುಕೊಳ್ಳುವುದರಲ್ಲಿ ಇನ್ನೊಂದು ಲಾಭ ಇದೆ. ಮೇಲೆ ಹೇಳಿದ ಶೇ 0.75 ಸುಮಾರು ಅರ್ಧಕ್ಕೆ ಇಳಿಯುತ್ತದೆ. ಖರ್ಚಿಲ್ಲದ ಲಾಭ. ಎಣಿಸುವ ತಾಳ್ಮೆ ಬೇಕು ಅಷ್ಟೆ.

ದೊಡ್ಡ ಸಂಸ್ಥೆಗಳು ಮಾಡುವುದೂ ಇದನ್ನೇ, ಇನ್ನಷ್ಟು ದೊಡ್ಡದಾಗಿ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಂಸ್ಥೆಯವರು ನಾರ್ವೆಯವರ ಜೊತೆ ಸೇರಿ 1992ರಲ್ಲಿ ರೋಹು ಮೇಲೆ ಕೆಲಸ ಶುರು ಮಾಡಿದರು. ಗಂಗಾ, ಯಮುನಾ, ಬ್ರಹ್ಮಪುತ್ರ, ಸಟ್ಲೆಜ್, ಗೋಮತಿಯ ಮೀನುಗಳನ್ನು ತಂದು ಬೆರೆಸಿದರು. ಅಕ್ಕಿಕಾಳಿನಷ್ಟು ಸಣ್ಣ ಎಲೆಕ್ಟ್ರಾನಿಕ್ ಗುರುತನ್ನು ಮೀನಿನ ಮೈಯೊಳಗೆ ಇಟ್ಟು, ಯಾವುದು ಯಾವ ಮನೆಯದು ಅಂತ ಲೆಕ್ಕ ಇಟ್ಟರು. 1997ರಲ್ಲಿ, ಸ್ವಾತಂತ್ರ್ಯಕ್ಕೆ 50 ತುಂಬಿದಾಗ, ಬಂದ ತಳಿಗೆ ‘ಜಯಂತಿ’ ಅಂತ ಹೆಸರಿಟ್ಟರು. ತಲೆಮಾರಿಗೆ ಸುಮಾರು ಶೇ 17ರಷ್ಟು ಬೆಳವಣಿಗೆ ಏರಿದ ತಳಿ ಅದು. ಅಂಥ ಮೀನನ್ನೂ ನಮ್ಮ ಮರಿ ಕೇಂದ್ರದ ‘ಮೂರು ಹೆಣ್ಣು, ಐದಾರು ಗಂಡು’ ಕೆಲವೇ ವರ್ಷದಲ್ಲಿ ಸವೆಸಿಬಿಡುತ್ತದೆ.

ಹೆಜ್ಜೆ 4: ಸಂಬಂಧ ಕೂಡಿಸುವುದು

25 ಮನೆಗಳನ್ನು ಐದೈದರಂತೆ ಐದು ಕೇರಿ ಮಾಡಿ. ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವುದು ವಾಡಿಕೆ. ಇಲ್ಲಿ ಉಲ್ಟಾ. ಹೆಣ್ಣು ತವರಲ್ಲೇ ಇರಲಿ, ಗಂಡು ಮನೆಅಳಿಯನಾಗಿ ಮುಂದಿನ ಕೇರಿಗೆ ಹೋಗಲಿ. ಒಂದನೆಯದರ ಗಂಡು ಎರಡಕ್ಕೆ, ಎರಡರದ್ದು ಮೂರಕ್ಕೆ, ಐದರದ್ದು ಒಂದಕ್ಕೆ. ಪ್ರತಿ ತಲೆಮಾರಲ್ಲೂ ಇದೇ ಸುತ್ತು. ಕೇರಿಗೊಂದರಂತೆ ಐದು ಬೇಲಿಬಲೆ ಇದ್ದರೆ ಕೆಲಸ ಆಯಿತು, ಎಲೆಕ್ಟ್ರಾನಿಕ್ ಗುರುತು ಬೇಕಿಲ್ಲ. ರೆಕ್ಕೆಯ ತುದಿ ಕತ್ತರಿಸಿ ಗುರುತು ಮಾಡಿ ಅನ್ನುವವರಿದ್ದಾರೆ. ರೆಕ್ಕೆ ಮತ್ತೆ ಬೆಳೆಯುತ್ತದೆ, ಆರು ತಿಂಗಳಿಗೆ ತಲೆ ಕೆರೆದುಕೊಳ್ಳುತ್ತೀರಿ.

ಹೆಜ್ಜೆ 5: ಮೊಟ್ಟೆ, ಮರಿ

ಜನವರಿ–ಮಾರ್ಚ್ ಒಳ್ಳೆಯ ಕಾಲ, ಮಳೆಗಾಲದಲ್ಲಿ ಮತ್ತೊಮ್ಮೆ. ಒಂದು ತಿಂಗಳು ಮೊದಲೇ ಗಂಡು–ಹೆಣ್ಣು ಬೇರೆ ಮಾಡಿ, ತೌಡು, ಕಡಲೆಕಾಯಿ ಹಿಂಡಿ ಕೊಡಿ. ಹೆಣ್ಣಿನ ಹೊಟ್ಟೆ ಮೆತ್ತಗೆ ಊದಿರಬೇಕು, ಗಂಡಿನ ಹೊಟ್ಟೆ ಸವರಿದರೆ ಹಾಲಿನಂಥ ವೀರ್ಯ ಬರಬೇಕು. ಸಂಜೆ ಹಾಪಾಗೆ ಬಿಟ್ಟು, ಹೆಣ್ಣಿನ ತೂಕದ ಎರಡರಷ್ಟು ಹೈಡ್ರಿಲಾ ಕಳೆಯನ್ನು ಚೆನ್ನಾಗಿ ತೊಳೆದು ಹಾಕಿ. ತೊಳೆಯದಿದ್ದರೆ ಕಳೆಯ ಜೊತೆ ಮರಿ ತಿನ್ನುವ ನೀರುಹುಳವೂ ಬರುತ್ತದೆ. ಬೆಳಗಿನ ಜಾವ ಪಟಪಟ ಸದ್ದು ಕೇಳಿಸಿದರೆ ಶುರುವಾಯಿತು ಅಂತ. ಬೆಳಕಾದ ಮೇಲೆ ಒಂದು ಎಳೆ ಎತ್ತಿ ನೋಡಿ, ಸಾಬಕ್ಕಿಯನ್ನು ಇನ್ನೂ ಸಣ್ಣದು ಮಾಡಿ ಅಂಟಿಸಿದ ಹಾಗೆ ತಿಳಿಹಳದಿ ಮೊಟ್ಟೆ ಇರುತ್ತವೆ. ಸುಣ್ಣದಂತೆ ಬೆಳ್ಳಗಾದದ್ದು ಸತ್ತದ್ದು. ಆಗಲೇ ದೊಡ್ಡ ಮೀನು ಎತ್ತಿಬಿಡಿ, ಇಲ್ಲದಿದ್ದರೆ ತಾವಿಟ್ಟ ಮೊಟ್ಟೆ ತಾವೇ ತಿನ್ನುತ್ತವೆ. ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ. ಮುಂದಿನ ನರ್ಸರಿ ಕೆಲಸ ನಿಮಗೆ ಗೊತ್ತಿರುವುದೇ.

ಮೊಟ್ಟೆಗೆ ಬೂಸ್ಟು ಬಂದರೆ ಹಸಿರು ಬಣ್ಣದ ಪುಡಿ ಕೊಡುವ ಅಂಗಡಿಯವರಿದ್ದಾರೆ. ಅದು ಮ್ಯಾಲಕೈಟ್ ಗ್ರೀನ್, ತಿನ್ನುವ ಮೀನಿಗೆ ಬಳಸುವಂತಿಲ್ಲ. ಸತ್ತ ಮೊಟ್ಟೆಯ ಎಳೆ ಕಿತ್ತು ಹಾಕಿ, ನೀರು ಆಡುವಂತೆ ನೋಡಿಕೊಳ್ಳಿ, ಸಾಕು. ‘ಬೆಳವಣಿಗೆ ಡಬಲ್’ ಅಂತ ಬಾಟಲಿ ಹಿಡಿದು ಬರುವವರನ್ನು ಗೇಟಿನಲ್ಲೇ ಮಾತಾಡಿಸಿ ಕಳಿಸಿ.

ಹೆಜ್ಜೆ 6: ಉಳಿದದ್ದು

ಮಿಕ್ಕ ಮರಿಯನ್ನು ಪುಣ್ಯ ಬರಲಿ ಅಂತ ಹೊಳೆಗೆ ಬಿಡುವವರಿದ್ದಾರೆ. ಬೇಡ. ಗೆಂಡೆ ಹೊರಗಿನ ಮೀನು, ತಳದ ಕೆಸರು ಕೆದಕಿ ನೀರು ಕದಡುವುದು ಅದರ ಚಾಳಿ. ತಿಳಿನೀರಿನ ಮಹಶೀರ್ ಇರುವ ಹೊಳೆಯಲ್ಲಿ ಅದಕ್ಕೇನು ಕೆಲಸ? ಹೊಂಡದ ತೂಬಿಗೆ ಜಾಲರಿ ಹಾಕಿ, ಕೋಡಿ ಹರಿಯುವ ದಿನ ಒಮ್ಮೆ ಹೋಗಿ ನೋಡಿ.

ಒಂದು ನೋಟ್‌ಬುಕ್ಕೂ ಇರಲಿ. ಯಾವ ಮನೆ, ಯಾವ ತಾರೀಕು, ಎಷ್ಟು ಮರಿ, ಗಂಡು ಯಾವ ಕೇರಿಯಿಂದ ಬಂತು, ಇಷ್ಟು ಬರೆದರೆ ಸಾಕು. ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನಲ್ಲಿ ಬರೆದ ನನ್ನ ಮೊದಲ ಎರಡು ವರ್ಷದ ಲೆಕ್ಕ ಒದ್ದೆ ಕೈ ತಗುಲಿ ನೀಲಿ ಕಲೆಯಾಗಿ ಉಳಿದಿದೆ. ಮೂರನೇ ಕೇರಿಯ ಗಂಡು ಎಲ್ಲಿಗೆ ಹೋದವು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.